ಬಿದ್ದ ಮರ ಹಲಗೆಯಾಗುವ ತನಕ: ಹಸಿಮರ ಸೀಳಿ ಒಣಗಿಸುವ ಲೆಕ್ಕ

ಮುಂಬೈಯಲ್ಲಿ ಮಳೆ ಶುರುವಾಯಿತೆಂದರೆ ಮರ ಬಿದ್ದ ಸುದ್ದಿಯೂ ಶುರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾದಿಂದ ಮುಂಬೈವರೆಗಿನ ಕರಾವಳಿಯನ್ನು ಸವರಿಕೊಂಡು ಹೋದಾಗ ಒಂದೆರಡು ದಿನಗಳಲ್ಲೇ ನೂರಾರು ಮರಗಳು ಉರುಳಿದ್ದವು. ಸೊಸೈಟಿ ಕಾಂಪೌಂಡಿನಲ್ಲಿ ಮಳೆಮರವೋ ಮಾವೋ ಹಲಸೋ ಬಿದ್ದರೆ ಪಾಲಿಕೆಯ ಆಳುಗಳು ಬಂದು ಎರಡು ಮೂರು ಅಡಿಯ ತುಂಡು ಮಾಡಿ, ಬದಿಗೆ ತಳ್ಳಿ, ದಾರಿ ಬಿಡಿಸಿ ಹೋಗುತ್ತಾರೆ. ಆ ತುಂಡುಗಳಲ್ಲಿ ಕೆಲವರಿಗೆ ಟೀಪಾಯ್ ಕಾಣುತ್ತದೆ, ಕೆಲವರಿಗೆ ಮಣೆ, ಕೆಲವರಿಗೆ ಬೆಂಚು. ಎತ್ತಿ ತಂದು ಬಾಲ್ಕನಿಯಲ್ಲಿಟ್ಟರೆ ಚೌತಿ ಹಬ್ಬದ ಹೊತ್ತಿಗೆ ಮೈಯೆಲ್ಲ ಬೂಸರು, ದೀಪಾವಳಿಗೆ ನಟ್ಟನಡುವೆ ಸೀಳು, ಹೊಸ ವರ್ಷಕ್ಕೆ ಕೆಳಗೆ ಬಿಳಿ ಹುಡಿ. ಮರ ಕೆಟ್ಟದ್ದೇನಲ್ಲ. ಅದರೊಳಗಿನ ನೀರನ್ನು ಯಾವ ವೇಗದಲ್ಲಿ, ಯಾವ ದಾರಿಯಿಂದ, ಎಷ್ಟರ ಮಟ್ಟಿಗೆ ಹೊರಗೆ ಬಿಡಬೇಕೆಂದು ಯಾರೂ ನೋಡಿಕೊಳ್ಳಲಿಲ್ಲ, ಅಷ್ಟೇ.

ನೀರು ಇರುವುದೆಲ್ಲಿ

ಮರವನ್ನು ಉದ್ದಕ್ಕೆ ಕಟ್ಟಿದ ಸಣ್ಣ ಸಣ್ಣ ಕೊಳವೆಗಳ ಕಟ್ಟು ಎಂದುಕೊಳ್ಳಿ. ನೀರು ಎರಡು ಕಡೆ ಇರುತ್ತದೆ: ಕೊಳವೆಯ ಟೊಳ್ಳಿನಲ್ಲಿ ಮತ್ತು ಕೊಳವೆಯ ಗೋಡೆಯಲ್ಲಿ. ಒದ್ದೆ ಬೈರಾಸನ್ನು ನೆನೆಸಿಕೊಂಡರೆ ಸಾಕು. ಹಿಂಡಿದಾಗ ಸುರಿಯುವ ನೀರು ಟೊಳ್ಳಿನ ನೀರಿನ ಹಾಗೆ. ಹಿಂಡಿದ ಮೇಲೂ ಬಟ್ಟೆ ತಣ್ಣಗೆ ಒದ್ದೆಯಾಗಿಯೇ ಇರುತ್ತದಲ್ಲ, ಅದು ಗೋಡೆಯ ನೀರಿನ ಹಾಗೆ. ಹಸಿಮರ ಒಣಗುವಾಗ ಮೊದಲು ಹೋಗುವುದು ಟೊಳ್ಳಿನ ನೀರು. ಆಗ ಮರ ಹಗುರವಾಗುತ್ತದೆ, ಗಾತ್ರ ಬದಲಾಗುವುದಿಲ್ಲ. ಟೊಳ್ಳು ಪೂರ್ತಿ ಖಾಲಿಯಾಗಿ ಗೋಡೆಯ ನೀರು ಹೋಗಲು ತೊಡಗಿದ ಮೇಲೆ ಗೋಡೆ ಸಣ್ಣದಾಗುತ್ತದೆ, ಮರ ಕುಗ್ಗುತ್ತದೆ. ಹೆಚ್ಚಿನ ಮರಗಳಲ್ಲಿ ಈ ಗಡಿ ಬರುವುದು ಶೇ. 28ರಿಂದ 30ರ ತೇವಾಂಶದಲ್ಲಿ.

ತೇವಾಂಶದ ಶೇಕಡಾವಾರು ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ನೀರಿನ ತೂಕವನ್ನು ಭಾಗಿಸುವುದು ಒಟ್ಟು ತೂಕದಿಂದಲ್ಲ, ಪೂರ್ತಿ ಒಣಗಿದ ಮರದ ತೂಕದಿಂದ. 248 ಗ್ರಾಂ ತೂಗುವ ಹಸಿ ತುಂಡು ಪೂರ್ತಿ ಒಣಗಿದ ಮೇಲೆ 160 ಗ್ರಾಂ ಆಯಿತೆನ್ನಿ. ಹೋದ ನೀರು 88 ಗ್ರಾಂ. 88ನ್ನು 160ರಿಂದ ಭಾಗಿಸಿದರೆ ಶೇ. 55. ಹೀಗಾಗಿಯೇ ಹಗುರ ಜಾತಿಯ ಹಸಿಮರದಲ್ಲಿ ತೇವಾಂಶ ಶೇ. 100 ದಾಟುವುದೂ ಉಂಟು. ಮರಕ್ಕಿಂತ ನೀರೇ ಹೆಚ್ಚು ಎಂದರ್ಥ.

ಒಂದೊಂದು ದಿಕ್ಕಿಗೆ ಒಂದೊಂದು ಕುಗ್ಗುವಿಕೆ

ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಾಗಿದ್ದರೆ ಈ ಲೇಖನದ ಅರ್ಧ ಬೇಕಿರಲಿಲ್ಲ. ಉದ್ದಕ್ಕೆ ಅದು ಕುಗ್ಗುವುದು ಶೇ. 0.1ರಿಂದ 0.2 ಮಾತ್ರ, ಲೆಕ್ಕಕ್ಕೇ ಬಾರದಷ್ಟು. ನಡುವಿನಿಂದ ತೊಗಟೆಯ ಕಡೆಗೆ, ಎಂದರೆ ತ್ರಿಜ್ಯದ ದಿಕ್ಕಿಗೆ, ಸಾಮಾನ್ಯವಾಗಿ ಶೇ. 3ರಿಂದ 5. ಉಂಗುರದ ಸುತ್ತಿನ ದಿಕ್ಕಿಗೆ ಅದರ ಸುಮಾರು ಎರಡು ಪಟ್ಟು. ಹಸಿಯಿಂದ ಪೂರ್ತಿ ಒಣಗುವ ತನಕದ ಕುಗ್ಗುವಿಕೆ ಸಾಗುವಾನಿಯಲ್ಲಿ ತ್ರಿಜ್ಯಕ್ಕೆ ಸುಮಾರು 2.5, ಸುತ್ತಿಗೆ 5.8. ಮಳೆಮರದಲ್ಲಿ 2 ಮತ್ತು 3.4ರ ಆಸುಪಾಸು. ಬೀದಿಬದಿಯ ಮರವೆಂದು ಹಗುರವಾಗಿ ನೋಡುವ ಮಳೆಮರ ಈ ಒಂದು ವಿಷಯದಲ್ಲಿ ಸಾಗುವಾನಿಗಿಂತ ಮೇಲು.

ದುಂಡು ಬಿಲ್ಲೆ ಕೊಯ್ದು ಟೀಪಾಯ್ ಮಾಡಹೊರಟವರ ಬಿಲ್ಲೆ ಏಕೆ ಸೀಳುತ್ತದೆ ಎಂಬುದಕ್ಕೆ ಉತ್ತರ ಈ ಎರಡು ಪಟ್ಟಿನಲ್ಲಿದೆ. 300 ಮಿ.ಮೀ. ವ್ಯಾಸದ ಬಿಲ್ಲೆಯ ಸುತ್ತಳತೆ 942 ಮಿ.ಮೀ. ತ್ರಿಜ್ಯ ಶೇ. 4 ಕುಗ್ಗಿದರೆ ಆ ಹೊಸ ಗಾತ್ರಕ್ಕೆ ಬೇಕಾದ ಸುತ್ತಳತೆ 904. ಆದರೆ ಸುತ್ತಿನ ಮರ ಶೇ. 8 ಕುಗ್ಗಿ 867ಕ್ಕೆ ಇಳಿದಿರುತ್ತದೆ. ಕೊರತೆ ಬಿದ್ದ 37 ಮಿ.ಮೀ. ಎಲ್ಲಿಂದ ಬರಬೇಕು? ಅಂಚಿನಲ್ಲಿ ಅಷ್ಟಗಲ ಬಾಯಿ ತೆರೆದು, ನಡುವಿನ ತನಕ ತ್ರಿಕೋನಾಕಾರದ ಸೀಳು ಬೀಳುತ್ತದೆ. ಅಂಟು, ಎಣ್ಣೆ, ಮೊಳೆ, ಪಟ್ಟಿ ಯಾವುದೂ ಈ ಲೆಕ್ಕವನ್ನು ಅಳಿಸುವುದಿಲ್ಲ. ಮಳೆಮರದಲ್ಲಿ ಎರಡು ದಿಕ್ಕಿನ ವ್ಯತ್ಯಾಸ ಶೇ. 1.4 ಮಾತ್ರವಾದ್ದರಿಂದ ಅದೇ ಬಿಲ್ಲೆಯ ಕೊರತೆ ಸುಮಾರು 13 ಮಿ.ಮೀ.

ಬಿಲ್ಲೆಯೇ ಬೇಕೆಂದರೆ ಮೂರು ದಾರಿ. ಒಂದು: ಹಸಿಯಿರುವಾಗಲೇ ಅಂಚಿನಿಂದ ನಡುವಿನ ತನಕ ಒಂದು ಗರಗಸದ ಗೀರು ಹಾಕಿಬಿಡಿ, ಸೀಳು ಅಲ್ಲೇ ಬಾಯಿ ಬಿಡುತ್ತದೆ, ಒಣಗಿದ ಮೇಲೆ ಅದೇ ಮರದ ಚಕ್ಕೆ ತುರುಕಿ ಮುಚ್ಚಬಹುದು. ಎರಡು: ಎರಡು ಹೋಳು ಮಾಡಿ ಒಣಗಿಸಿ, ಆಮೇಲೆ ನೇರ ಅಂಚು ಕೀಸಿ ಅಂಟಿಸಿ. ಮೂರು: ಅಡ್ಡಕ್ಕೆ ಕೊಯ್ಯದೆ ಓರೆಯಾಗಿ ಕೊಯ್ಯಿರಿ. ಆಕಾರ ಮೊಟ್ಟೆಯಂತಾಗುತ್ತದೆ, ಸೀಳುವ ಒತ್ತಡ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಹಲಗೆ ದೋಣಿಯಂತೆ ಬಗ್ಗುವುದಕ್ಕೂ ಕಾರಣ ಇದೇ. ತೊಗಟೆಯ ಕಡೆಯ ಮುಖ ನಡುವಿನ ಕಡೆಯ ಮುಖಕ್ಕಿಂತ ಹೆಚ್ಚು ಕುಗ್ಗುವುದರಿಂದ ಹಲಗೆಯ ಎರಡೂ ಅಂಚು ತೊಗಟೆಯ ಕಡೆಗೆ ಏಳುತ್ತವೆ. ಉಂಗುರದ ಗೆರೆಗಳು ನೆಟ್ಟಗಾಗಲು ಹೊರಟಂತೆ ಕಾಣುತ್ತದೆ ಎಂದು ನೆನಪಿಟ್ಟುಕೊಂಡರೆ ಯಾವ ಹಲಗೆ ಯಾವ ಕಡೆ ಬಗ್ಗೀತು ಎಂದು ಮೊದಲೇ ಹೇಳಬಹುದು.

ಎಷ್ಟು ಒಣಗಿದರೆ ಒಣಗಿದಂತೆ?

ಗರಿಗರಿಯಾದ ಹಪ್ಪಳ ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಸಡಿಲವಿದ್ದರೆ ಮೆತ್ತಗಾಗುತ್ತದೆ. ಮರವೂ ಹಾಗೆಯೇ ಸುತ್ತಲಿನ ಗಾಳಿಯೊಂದಿಗೆ ನೀರನ್ನು ಕೊಡುತ್ತ ತೆಗೆದುಕೊಳ್ಳುತ್ತ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇದನ್ನು ಸಮತೋಲನ ತೇವಾಂಶ ಎನ್ನುತ್ತಾರೆ. 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಾಳಿಯ ಆರ್ದ್ರತೆ ಶೇ. 85 ಇದ್ದರೆ ಮರ ಶೇ. 18ರ ಹತ್ತಿರ ನಿಲ್ಲುತ್ತದೆ. ಆರ್ದ್ರತೆ 65 ಆದರೆ ಸುಮಾರು 12, 50ಕ್ಕೆ 9, 30ಕ್ಕೆ 6.

ಮುಂಬೈ, ಗೋವಾಗಳಲ್ಲಿ ಮಳೆಗಾಲದಲ್ಲಿ ಹೊರಗಿಟ್ಟ ಮರ ಎಷ್ಟು ತಿಂಗಳಾದರೂ ಶೇ. 17-18ರಿಂದ ಕೆಳಗಿಳಿಯುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ತಾಳ್ಮೆಯ ಪ್ರಶ್ನೆಯಲ್ಲ ಅದು, ಗಾಳಿಯ ಮಿತಿ. ಚಳಿಗಾಲದಲ್ಲಿ ಅದೇ ಮರ 12-13ಕ್ಕೆ ಬರುತ್ತದೆ. ಪುಣೆಯಲ್ಲಿ ಘಟ್ಟದ ಮೇಲಿನ ಒಣಗಾಳಿಗೆ ಮಾರ್ಚ್-ಏಪ್ರಿಲ್‌ನಲ್ಲಿ 7ರ ಆಸುಪಾಸಿಗೂ ಇಳಿಯುತ್ತದೆ, ಮಳೆಗಾಲದಲ್ಲಿ ಮತ್ತೆ 16ರ ಹತ್ತಿರ ಏರುತ್ತದೆ. ಕರಾವಳಿಯೇ ಮರಕ್ಕೆ ಕಷ್ಟದ ಜಾಗ ಎಂದುಕೊಂಡವರು ಇದನ್ನು ಗಮನಿಸಬೇಕು: ವರ್ಷದೊಳಗಿನ ಏರಿಳಿತ ಹೆಚ್ಚಿರುವುದು ಪುಣೆಯಲ್ಲಿ.

ಒಣಗಿಸುವ ಗುರಿಯನ್ನು ಹೇಳುವುದು ಸಾಮಾನು ಮುಂದೆ ಬಾಳುವ ಕೋಣೆ. ಮರ ಈಗ ಇರುವ ಜಾಗಕ್ಕೆ ಆ ಮಾತಿಲ್ಲ. ಡೊಂಬಿವಿಲಿಯ ಗಾಳಿಯಾಡುವ ಮನೆಗೆ 12-13 ಸಾಕು. ದಿನವಿಡೀ ಏಸಿ ಓಡುವ ಕಚೇರಿಗೆ 9-10 ಬೇಕು. ಮುಂಬೈಯಲ್ಲಿ ಶೇ. 14ಕ್ಕೆ ಒಣಗಿಸಿ ಮಾಡಿದ 600 ಮಿ.ಮೀ. ಅಗಲದ ಮೇಜಿನ ಹಲಗೆ ಪುಣೆಯ ಬೇಸಗೆಯಲ್ಲಿ 8ಕ್ಕೆ ಇಳಿದರೆ, ಮಳೆಮರದ್ದಾದರೆ ಸುಮಾರು 4 ಮಿ.ಮೀ., ಸಾಗುವಾನಿಯದ್ದಾದರೆ 7 ಮಿ.ಮೀ. ಅಗಲ ಕಳೆದುಕೊಳ್ಳುತ್ತದೆ. ಕೆಳಗೆ ಅಡ್ಡಪಟ್ಟಿಗೆ ಸ್ಕ್ರೂ ಹೊಡೆದು ಬಿಗಿದಿದ್ದರೆ ಆ 7 ಮಿ.ಮೀ. ಸೀಳಾಗಿ ಹೊರಬರುತ್ತದೆ.

ಭಾರತೀಯ ಮಾನಕ ಸಂಸ್ಥೆಯ ಐಎಸ್ 287 ಮಾನಕ ದೇಶವನ್ನು ಆರ್ದ್ರತೆಯ ಮೇಲೆ ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ಕೆಲಸದ ಮರಕ್ಕೆ ಎಷ್ಟು ತೇವಾಂಶ ಇರಬಹುದೆಂದು ಹೇಳುತ್ತದೆ. ಒಣಗಿಸುವ ವಿಧಾನಕ್ಕೆ ಐಎಸ್ 1141 ಇದೆ. ಅದು ಮರಗಳನ್ನು ಒಣಗುವಾಗ ತುಂಬ ಹಟ ಮಾಡುವವು, ಸ್ವಲ್ಪ ಹಟ ಮಾಡುವವು, ಹಟ ಮಾಡದವು ಎಂದು ಮೂರು ಗುಂಪು ಮಾಡುತ್ತದೆ.

ಎತ್ತುವ ಮೊದಲು ಕಾಗದ

ಮಹಾರಾಷ್ಟ್ರದ ನಗರಗಳಲ್ಲಿ ಮರಗಳ ರಕ್ಷಣೆಗೆ 1975ರ ಕಾಯ್ದೆ ಇದೆ, ಗೋವಾದಲ್ಲಿ 1984ರದ್ದು. ಸ್ವಂತ ಜಾಗದ ಮರ ಕಡಿಯುವುದಕ್ಕೂ ಅನುಮತಿ ಬೇಕು. ತಾನಾಗಿ ಬಿದ್ದ ಮರದ ತುಂಡನ್ನಾದರೂ ಕೇಳದೆ ಟೆಂಪೋಗೆ ಹಾಕಬೇಡಿ: ಮುಂಬೈ, ಪುಣೆಗಳಲ್ಲಿ ಪಾಲಿಕೆಯ ಉದ್ಯಾನ ವಿಭಾಗ, ಗೋವಾದಲ್ಲಿ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಬರಹದಲ್ಲಿ ಪಡೆಯಿರಿ. ಹಲವು ಜಾತಿಯ ಮರಗಳ ಸಾಗಾಟಕ್ಕೆ ಪ್ರತ್ಯೇಕ ಸಾಗಣೆ ಪರವಾನಗಿ ಬೇಕಾಗುತ್ತದೆ. ಸಾಮಿಲ್ಲಿನವರೂ ಮೊದಲು ಕೇಳುವುದು ಇದನ್ನೇ.

ಮೊದಲ ದಿನ: ತುದಿ ಮುಚ್ಚಿ

ಕೊಳವೆಗಳ ಬಾಯಿ ತೆರೆದಿರುವುದು ದಿಮ್ಮಿಯ ಎರಡು ತುದಿಗಳಲ್ಲಿ. ಅಲ್ಲಿಂದ ನೀರು ಹೋಗುವ ವೇಗ ಪಕ್ಕದಿಂದ ಹೋಗುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ತುದಿ ಒಣಗಿ ಕುಗ್ಗಲು ಹೊರಡುತ್ತದೆ, ಒಳಗಿನ ಹಸಿಮರ ಬಿಡುವುದಿಲ್ಲ, ತುದಿ ಸೀಳುತ್ತದೆ. ಬೇಸಗೆಯಲ್ಲಿ ಇದು ಕೊಯ್ದ ಮರುದಿನವೇ ಕಣ್ಣಿಗೆ ಬೀಳುತ್ತದೆ.

ಹಾಗಾಗಿ ಕೊಯ್ದ ದಿನವೇ, ಸಾಧ್ಯವಾದರೆ ಕೊಯ್ದ ಗಂಟೆಯೊಳಗೆ, ಎರಡೂ ತುದಿಗೆ ದಪ್ಪನೆಯ ಲೇಪ ಕೊಡಬೇಕು. ಕರಗಿಸಿದ ಮೇಣ ಎಲ್ಲಕ್ಕಿಂತ ಒಳ್ಳೆಯದು. ಡಾಂಬರೂ ಆದೀತು. ಮನೆಯಲ್ಲಿ ಉಳಿದ ಎನಾಮೆಲ್ ಪೇಂಟ್ ಎರಡು ಕೈ ಹಚ್ಚಿದರೂ ಕೆಲಸ ನಡೆಯುತ್ತದೆ. ಗೋಡೆಯ ಡಿಸ್ಟೆಂಪರ್ ಬೇಡ. ಅದು ಬಣ್ಣ ಕೊಟ್ಟೀತೇ ಹೊರತು ನೀರು ತಡೆಯದು. ತುದಿಯಿಂದ ಪಕ್ಕಕ್ಕೂ ಎರಡು ಬೆರಳಗಲ ಲೇಪ ಇಳಿಯಲಿ. ಆಗಲೇ ಸೀಳು ಬಿದ್ದಿದ್ದರೆ ಸೀಳು ಮುಗಿಯುವ ತನಕ ಕೊಯ್ದು ತೆಗೆದು ಹೊಸ ತುದಿಗೆ ಹಚ್ಚಿ. ಏನೇ ಮಾಡಿದರೂ ತುದಿ ಸ್ವಲ್ಪ ಹಾಳಾಗುವುದರಿಂದ ಬೇಕಾದ ಉದ್ದಕ್ಕಿಂತ ಪ್ರತಿ ತುದಿಗೆ 100ರಿಂದ 150 ಮಿ.ಮೀ. ಹೆಚ್ಚು ಇಟ್ಟುಕೊಳ್ಳಬೇಕು. ಪಾಲಿಕೆಯ ಆಳುಗಳು ಎರಡಡಿ ತುಂಡು ಮಾಡಿದರೆ ಮೇಜಿನ ಆಸೆ ಅಲ್ಲಿಗೇ ಮುಗಿಯಿತು. ಅವರು ಗರಗಸ ಚಾಲೂ ಮಾಡುವ ಮೊದಲೇ ಹೋಗಿ ಐದಡಿಯ ತುಂಡು ಕೇಳಬೇಕು.

ಎತ್ತುವಾಗ ತೂಕದ ಅಂದಾಜಿರಲಿ. 300 ಮಿ.ಮೀ. ದಪ್ಪ, 1.2 ಮೀಟರ್ ಉದ್ದದ ಹಸಿ ದಿಮ್ಮಿ ಸುಮಾರು 80 ಕಿಲೋ. ಇಬ್ಬರ ಸೊಂಟಕ್ಕೆ ಅದು ಹೆಚ್ಚು.

ಸೀಳುವುದು

ದಿಮ್ಮಿಯಾಗಿಯೇ ಒಣಗಲಿ, ಆಮೇಲೆ ಸೀಳಿದರಾಯಿತು ಎಂಬ ಯೋಚನೆ ದುಬಾರಿ ಬೀಳುತ್ತದೆ. ದಪ್ಪ ದಿಮ್ಮಿ ನಡುವಿನ ತನಕ ಒಣಗಲು ವರ್ಷಗಳೇ ಬೇಕು. ಅಷ್ಟರಲ್ಲಿ ಬಿಲ್ಲೆಯ ಲೆಕ್ಕದ ಪ್ರಕಾರ ಅದು ಸೀಳಿರುತ್ತದೆ, ನಮ್ಮ ಹವೆಯಲ್ಲಿ ಹುಳುವೂ ಹೊಕ್ಕಿರುತ್ತದೆ. ಒಂದೆರಡು ವಾರದೊಳಗೆ ಸೀಳಿಸುವುದೇ ಸರಿ.

ಮುಂಬೈಯಲ್ಲಿ ರೇ ರೋಡ್ ಕಡೆಯ ಮರದ ಪೇಟೆ, ಪುಣೆಯಲ್ಲಿ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಸುತ್ತ ವಿಚಾರಿಸಿದರೆ ಬ್ಯಾಂಡ್‌ಸಾ ಇರುವ ಸಾಮಿಲ್ ಸಿಗುತ್ತದೆ. ಆದರೆ ಬೀದಿಬದಿಯ ಮರವೆಂದರೆ ಹಲವರು ಒಲ್ಲೆ ಎನ್ನುತ್ತಾರೆ, ಅದಕ್ಕೆ ಕಾರಣವೂ ಇದೆ. ಜಾಹೀರಾತು ಫಲಕದ ಮೊಳೆ, ದೀಪದ ಸರದ ತಂತಿ, ಬೇಲಿಯ ಸರಿಗೆ ಎಲ್ಲವನ್ನೂ ಮರ ವರ್ಷಗಟ್ಟಲೆ ನುಂಗಿಕೊಂಡಿರುತ್ತದೆ. ಒಂದು ಮೊಳೆ ಸಿಕ್ಕಿದರೆ ಬ್ಲೇಡಿನ ಹಲ್ಲು ಹೋಯಿತು. ಮೊದಲೇ ಮೆಟಲ್ ಡಿಟೆಕ್ಟರ್ ಆಡಿಸಿ ನೋಡಿ. ತುದಿಯಲ್ಲಿ ನೀಲಿಗಪ್ಪು ಕಲೆ ಕಂಡರೆ ಹತ್ತಿರದಲ್ಲಿ ಕಬ್ಬಿಣವಿದೆ ಎಂದು ಅನುಮಾನಿಸಬೇಕು: ಮರದ ಒಗರು ಕಬ್ಬಿಣದೊಂದಿಗೆ ಸೇರಿ ಆ ಬಣ್ಣ ಬರುತ್ತದೆ.

ಬ್ಯಾಂಡ್‌ಸಾ ಒಂದು ಕೊಯ್ತಕ್ಕೆ 2-3 ಮಿ.ಮೀ. ಮರವನ್ನು ಹುಡಿ ಮಾಡಿದರೆ ಚೈನ್‌ಸಾ 8-10 ಮಿ.ಮೀ. ತಿನ್ನುತ್ತದೆ. ಆರು ಕೊಯ್ತವಾದರೆ ಒಂದರಲ್ಲಿ ಹೋಗುವುದು 15 ಮಿ.ಮೀ., ಇನ್ನೊಂದರಲ್ಲಿ 54. ಎಂದರೆ ಒಂದೂವರೆ ಹಲಗೆ ಹೊಟ್ಟಾಗಿ ಹೋಗುತ್ತದೆ. ಇನ್ನು ಪೇಟೆಯಲ್ಲಿ ದಿಮ್ಮಿಯ ಅಳತೆ ಸಿಎಫ್‌ಟಿ ಲೆಕ್ಕ, ಎಂದರೆ ಘನ ಅಡಿ: ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುತ್ತಾರೆ. ಮೇಲೆ ಹೇಳಿದ 80 ಕಿಲೋ ದಿಮ್ಮಿ ನಿಜವಾಗಿ 3 ಸಿಎಫ್‌ಟಿ, ಈ ಲೆಕ್ಕದಲ್ಲಿ 2.35. ತೊಗಟೆ, ಬಳಕೆಗೆ ಬಾರದ ಬದಿಚಕ್ಕೆಗಳನ್ನು ಬಿಟ್ಟು ಹಿಡಿಯುವ ಹಳೆಯ ರೂಢಿ ಅದು, ಮೋಸವಲ್ಲ.

ಸೀಳುವಾಗ ಮರೆಯಬಾರದ್ದು ನಡುವಿನ ಬೆಂಡು, ಎಂದರೆ ಉಂಗುರಗಳ ಕೇಂದ್ರದಲ್ಲಿರುವ ಮೆತ್ತನೆಯ ತಿರುಳು. ಅದನ್ನು ಒಳಗಿಟ್ಟುಕೊಂಡ ಯಾವ ಹಲಗೆಯಾಗಲಿ ತೊಲೆಯಾಗಲಿ ಸೀಳದೆ ಬಿಡುವುದಿಲ್ಲ. ದಿಮ್ಮಿಯನ್ನು ಮೊದಲು ಬೆಂಡಿನ ಮೇಲೆಯೇ ಎರಡು ಹೋಳು ಮಾಡಿ, ಆಮೇಲೆ ಬೆಂಡಿನ ಎರಡೂ ಬದಿಯಿಂದ ಒಂದೊಂದು ಇಂಚು ಪಟ್ಟಿ ತೆಗೆದುಹಾಕಬೇಕು. ಮುಂದೆ ಎರಡು ಬಗೆ. ಒಂದರ ಮೇಲೊಂದು ಸಮಾನಾಂತರ ಕೊಯ್ತ ಹಾಕಿದರೆ ಅಗಲ ಹಲಗೆ ಹೆಚ್ಚು ಸಿಗುತ್ತದೆ, ಗೆರೆ ಚೆನ್ನಾಗಿರುತ್ತದೆ, ಆದರೆ ಅಂಚಿನ ಹಲಗೆಗಳು ದೋಣಿಯಾಗುತ್ತವೆ. ಹೋಳನ್ನು ಮತ್ತೆ ಕಾಲಾಗಿ ಸೀಳಿ ಉಂಗುರಕ್ಕೆ ಅಡ್ಡವಾಗಿ ಹಲಗೆ ತೆಗೆದರೆ ಅಗಲ ಕಡಿಮೆ, ನಷ್ಟ ಹೆಚ್ಚು, ಹಲಗೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಬಾಗಿಲಿನ ಚೌಕಟ್ಟು, ಡ್ರಾಯರಿನ ಬದಿಗೆ ಎರಡನೆಯದೇ ಬೇಕು.

ದಪ್ಪಕ್ಕೆ ಕುಗ್ಗುವಿಕೆ ಮತ್ತು ಕೀಸುವಿಕೆ ಎರಡನ್ನೂ ಸೇರಿಸಿ: ಕೊನೆಗೆ 25 ಮಿ.ಮೀ. ಬೇಕಿದ್ದರೆ ಹಸಿಯಲ್ಲಿ 30-32 ಕೊಯ್ಯಿಸಿ. ಕೊಂಬೆಯ ಮರ ಬೇಡ. ಓರೆಯಾಗಿ ಬೆಳೆದ ಕೊಂಬೆ ತನ್ನ ಭಾರ ಹೊರಲು ಒಳಗೆ ಬಿಗಿದುಕೊಂಡಿರುತ್ತದೆ, ಕೊಯ್ದ ಕೂಡಲೇ ಬಿಲ್ಲಾಗುತ್ತದೆ. ಮಾವಿನ ಹುಡಿ ಕೆಲವರ ಮೈಗೆ ತುರಿಕೆ ತರುತ್ತದೆ, ಮಳೆಮರದ ಹುಡಿ ಕಣ್ಣು ಮೂಗಿಗೆ ಉರಿ. ಮಾಸ್ಕ್, ಕನ್ನಡಕ ಬೇಕೇ ಬೇಕು.

ಒಟ್ಟುವುದು

ಹಪ್ಪಳ ಒಣಹಾಕಿದವರಿಗೆ ಗೊತ್ತು: ಒಂದು ಮಗ್ಗುಲು ಮಾತ್ರ ಬಿಸಿಲು ಕಂಡರೆ ಅಂಚು ಸುರುಟಿಕೊಳ್ಳುತ್ತದೆ. ಹಲಗೆಯನ್ನು ಗೋಡೆಗೆ ಒರಗಿಸಿಟ್ಟರೂ, ಟೆರೇಸಿನ ಮೇಲೆ ಹರಡಿದರೂ ಅದೇ ಆಗುವುದು. ಎರಡೂ ಮುಖಕ್ಕೆ ಸಮನಾಗಿ ಗಾಳಿ ಬೇಕು. ನೇರ ಬಿಸಿಲು ಬೇಡವೇ ಬೇಡ.

ನೆಲದಿಂದ ಒಂದರಿಂದ ಒಂದೂವರೆ ಅಡಿ ಎತ್ತರಕ್ಕೆ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಜೋಡಿಸಿ, ಮೇಲೆ ತೊಲೆ ಇಟ್ಟು ಮಟ್ಟ ನೋಡಿ. ಇಲ್ಲಿ ಸೊಟ್ಟವಿದ್ದರೆ ಹಲಗೆ ಆ ಸೊಟ್ಟವನ್ನೇ ಕಲಿತು ಒಣಗುತ್ತದೆ, ಆಮೇಲೆ ತಿದ್ದಲಾಗದು. ಪ್ರತಿ ಎರಡು ಹಲಗೆಗಳ ನಡುವೆ 25 ಮಿ.ಮೀ. ದಪ್ಪದ ಒಣ ರೀಪು ಅಡ್ಡಲಾಗಿ ಇಡಬೇಕು. ಇಂಚು ದಪ್ಪದ ಹಲಗೆಗೆ ರೀಪಿನಿಂದ ರೀಪಿಗೆ ಒಂದೂವರೆ ಅಡಿ ಅಂತರ, ತೆಳು ಹಲಗೆಗೆ ಒಂದಡಿ. ಎರಡು ತುದಿಗೂ ಒಂದೊಂದು ರೀಪು ತಪ್ಪಬಾರದು. ಎಲ್ಲ ಸಾಲಿನ ರೀಪುಗಳೂ ಒಂದರ ಮೇಲೊಂದು ನೇರ ಕಂಬದಂತೆ ಬರಬೇಕು. ಒಂದು ಸಾಲಿನದು ಇತ್ತ, ಇನ್ನೊಂದರದು ಅತ್ತ ಆದರೆ ಮೇಲಿನ ಭಾರ ಹಲಗೆಯ ಸೊಂಟ ಮುರಿಯುತ್ತದೆ. ಅದೇ ಮರದ ಹಸಿ ಚಕ್ಕೆಯನ್ನು ರೀಪಾಗಿ ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ಬಳಸಿದರೆ ರೀಪು ಕೂತಲ್ಲೆಲ್ಲ ಕಪ್ಪು ಪಟ್ಟೆ ಬಿದ್ದು, ಎಷ್ಟು ಕೀಸಿದರೂ ಹೋಗುವುದಿಲ್ಲ.

ಅಕ್ಕಪಕ್ಕದ ಹಲಗೆಗಳ ನಡುವೆ ಒಂದಿಂಚು ಜಾಗ ಬಿಡಿ. ಗಾಳಿ ಹರಿಯುವುದು ರೀಪುಗಳ ಉದ್ದಕ್ಕೆ, ಆದ್ದರಿಂದ ಹಲಗೆಗಳು ಗಾಳಿಗೆ ಅಡ್ಡವಾಗಿರಲಿ. ಕೆಟ್ಟ ಹಲಗೆಗಳನ್ನು ಎಲ್ಲಕ್ಕಿಂತ ಮೇಲಿಟ್ಟು ಅದರ ಮೇಲೆ ಬ್ಲಾಕ್ ಹೇರಿ. ಭಾರವಿದ್ದರೆ ಮೇಲಿನ ಸಾಲು ತಿರುಚುವುದಿಲ್ಲ. ಮೇಲೆ ತಗಡು ಹೊದಿಸಿ, ಬದಿಗಳನ್ನು ತೆರೆದಿಡಿ. ಪ್ಲಾಸ್ಟಿಕ್ ತಾಡಪಾಲಿನಲ್ಲಿ ಸುತ್ತಿ ಕಟ್ಟಿದರೆ ಅಣಬೆ ಬೆಳೆಸಿದಂತಾಗುತ್ತದೆ.

ಮುಂಬೈ, ಪುಣೆ, ಗೋವಾ: ಮೂರು ಬಗೆಯ ತೊಂದರೆ

ಮುಂಬೈಯಲ್ಲಿ ಮರ ಬೀಳುವುದೂ ಮಳೆಯಲ್ಲಿ, ಒಣಗದಿರುವುದೂ ಮಳೆಯಲ್ಲಿ. ಸೀಳಿನ ಭಯ ಕಡಿಮೆ, ಬೂಸರಿನ ಭಯ ಹೆಚ್ಚು. ಮಾವಿನಂಥ ಬಿಳಿಮರ ಒಂದು ವಾರದೊಳಗೆ ನೀಲಿಗಟ್ಟಬಹುದು. ಈ ನೀಲಿ ಶಿಲೀಂಧ್ರ ಬಣ್ಣ ಕೆಡಿಸುತ್ತದೆ, ಬಲ ಕುಂದಿಸುವುದಿಲ್ಲ. ಆದರೆ ಅದು ಬಂದಲ್ಲಿಗೆ ಕೊಳೆಸುವ ಶಿಲೀಂಧ್ರವೂ ಬಂದೀತು. ರೀಪಿನ ದಪ್ಪ 25ರ ಬದಲು 40 ಮಿ.ಮೀ. ಮಾಡಿ, ಸ್ಟಿಲ್ಟ್ ಪಾರ್ಕಿಂಗಿನಂಥ ಮಳೆ ತಾಗದ, ಗಾಳಿಯಾಡುವ ಜಾಗದಲ್ಲಿ ಒಟ್ಟಿ, ಮೊದಲ ಎರಡು ಮೂರು ವಾರ ಒಂದು ಫ್ಯಾನ್ ಹಾಕಿ. ಹಲಗೆಯ ಮೈ ಶೇ. 20ಕ್ಕಿಂತ ಕೆಳಗೆ ಬಂದರೆ ಶಿಲೀಂಧ್ರಕ್ಕೆ ಬದುಕಿಲ್ಲ.

ಪುಣೆಯಲ್ಲಿ ತಿರುಗುಮುರುಗು. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ಹಸಿ ಹಲಗೆಯನ್ನು ಒಣಗದಂತೆ ತಡೆಯುವುದೇ ಕೆಲಸ. ರೀಪನ್ನು 15-20 ಮಿ.ಮೀ.ಗೆ ಇಳಿಸಿ, ಒಟ್ಟಿನ ಸುತ್ತ ಗೋಣಿ ಇಳಿಬಿಟ್ಟು, ಮೊದಲ ತಿಂಗಳು ಗಾಳಿಯನ್ನು ಕಟ್ಟಿಹಾಕಬೇಕು. ಫ್ಯಾನಿನ ಮಾತೇ ಬೇಡ.

ಗೋವಾಕ್ಕೆ ಮುಂಬೈಯ ಮಾತೆಲ್ಲ ಅನ್ವಯ, ಜೊತೆಗೆ ಒರಲೆ. ತೋಟದ ಮಣ್ಣಿನ ಮೇಲೆ ನೇರವಾಗಿ ಒಟ್ಟಿದರೆ ಕೆಳಗಿನ ಸಾಲು ಅದಕ್ಕೇ ಮೀಸಲು. ವಾರಕ್ಕೊಮ್ಮೆ ಬ್ಲಾಕುಗಳ ಮೇಲೆ ಮಣ್ಣಿನ ಗೆರೆ ಏರಿದೆಯೇ ನೋಡಿ ಒರೆಸಿಹಾಕಬೇಕು.

ಕಡಿಯುವ ಕಾಲ ನಮ್ಮ ಕೈಯಲ್ಲಿದ್ದರೆ ಮೂರೂ ಕಡೆ ನವೆಂಬರ್-ಜನವರಿಯೇ ಒಳ್ಳೆಯದು: ಮಳೆಯಿಲ್ಲ, ಸುಡುಗಾಳಿಯೂ ಇಲ್ಲ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಮಾತು ಚಳಿದೇಶದ್ದು. ನಮ್ಮಲ್ಲಿ ನವೆಂಬರ್‌ನಲ್ಲಿ ಒಟ್ಟಿದ ಇಂಚಿನ ಹಲಗೆ ಜಾತಿಯನ್ನು ನೋಡಿಕೊಂಡು ಮೂರರಿಂದ ಆರು ತಿಂಗಳಲ್ಲಿ ಹದಕ್ಕೆ ಬರುತ್ತದೆ. ಎರಡಿಂಚಿನದಕ್ಕೆ ಎರಡು ಪಟ್ಟಲ್ಲ, ಅದಕ್ಕಿಂತಲೂ ಹೆಚ್ಚು ಕಾಲ ಬೇಕು.

ಕುಟ್ಟೆ

ಹಸಿ ದಿಮ್ಮಿಗೆ ಬೀಳುವ ಹುಳು ಒಂದು, ಒಣ ಹಲಗೆಗೆ ಬೀಳುವುದು ಇನ್ನೊಂದು. ಮೊದಲನೆಯದು ಸೂಜಿ ಚುಚ್ಚಿದಂಥ ತೂತು ಮಾಡಿ ಸುತ್ತ ಕಪ್ಪು ಉಂಗುರ ಬಿಡುತ್ತದೆ. ಮರ ಒಣಗುತ್ತಿದ್ದಂತೆ ತಾನೇ ಹೋಗುತ್ತದೆ. ಎರಡನೆಯದೇ ಕುಟ್ಟೆ. 1-2 ಮಿ.ಮೀ. ತೂತಿನಿಂದ ಮೈದಾ ಹಿಟ್ಟಿನಂಥ ನುಣ್ಣನೆಯ ಹುಡಿ ಉದುರಿಸುತ್ತದೆ. ಅದಕ್ಕೆ ಬೇಕಾದದ್ದು ಪಿಷ್ಟ, ಪಿಷ್ಟ ಇರುವುದು ತೊಗಟೆಯ ಒಳಗಿನ ಬಿಳಿ ಭಾಗದಲ್ಲಿ. ಒಳಗಿನ ಬಣ್ಣದ ಚೇಗಿಗೆ ಅದು ಬಾಯಿ ಹಾಕುವುದಿಲ್ಲ. ಹಲಸಿನ ಹಳದಿ ಚೇಗು ತಲೆಮಾರು ಬಾಳುತ್ತದೆ, ಅದರ ಬಿಳಿ ಅಂಚು ಮೂರು ವರ್ಷ ನಿಲ್ಲದು.

ಕೃಷ್ಣಪಕ್ಷದಲ್ಲಿ ಕಡಿದ ಮರಕ್ಕೆ ಕುಟ್ಟೆ ಬಾರದು ಎಂಬ ಮಾತು ಊರಲ್ಲಿದೆ. ಮರದ ಪಿಷ್ಟ ಋತುವಿನೊಂದಿಗೆ ಏರಿಳಿಯುವುದಂತೂ ಹೌದು, ಚಿಗುರುವ ಮುಂಚೆ ಹೆಚ್ಚು, ಚಿಗುರಿದ ಮೇಲೆ ಕಡಿಮೆ. ಬಿರುಗಾಳಿಗೆ ಬೀಳುವ ಮರ ಮಾತ್ರ ಪಂಚಾಂಗ ನೋಡಿ ಬೀಳುವುದಿಲ್ಲ. ದಿಮ್ಮಿಯನ್ನು ಕೆರೆಯಲ್ಲೋ ತೋಡಿನಲ್ಲೋ ಕೆಲವು ವಾರ ಮುಳುಗಿಸಿಡುವ ಪದ್ಧತಿಗೆ ಹೆಚ್ಚು ಗಟ್ಟಿ ಕಾರಣವಿದೆ: ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಹೊರಹೋಗುತ್ತದೆ, ಗಾಳಿಯಿಲ್ಲದೆ ಶಿಲೀಂಧ್ರ ಬೆಳೆಯದು, ಒಣಗದಿರುವುದರಿಂದ ಸೀಳು ಬೀಳದು. ಪೂರ್ತಿ ಮುಳುಗಿರಬೇಕು, ಅಷ್ಟೇ. ಅರ್ಧ ತೇಲಿದರೆ ಮೇಲ್ಭಾಗ ಕೊಳೆಯುತ್ತದೆ.

ಫ್ಲಾಟಿನವರಿಗೆ ಕೆರೆಯಿಲ್ಲ, ಬೋರಾಕ್ಸ್ ಇದೆ. 50 ಲೀಟರ್ ನೀರಿಗೆ ಒಂದೂವರೆ ಕಿಲೋ ಬೋರಾಕ್ಸ್, ಒಂದು ಕಿಲೋ ಬೋರಿಕ್ ಆಮ್ಲ ಕರಗಿಸಿ, ಸೀಳಿದ ಕೂಡಲೇ ಹಸಿ ಹಲಗೆಗಳನ್ನು ಐದಾರು ದಿನ ಮುಳುಗಿಸಿಡಿ. ಔಷಧ ಒಳಗೆ ಹರಡುವುದು ಮರದೊಳಗಿನ ನೀರಿನ ಮೂಲಕ, ಆದ್ದರಿಂದ ಒಣಗಿದ ಹಲಗೆಗೆ ಬ್ರಶ್ಶಿನಲ್ಲಿ ಬಳಿದರೆ ಮೈಮೇಲೇ ನಿಲ್ಲುತ್ತದೆ. ಮಳೆಗೆ ತೊಳೆದುಹೋಗುವುದರಿಂದ ಹೊರಗಿಡುವ ಬೆಂಚಿಗೆ ಉಪಯೋಗವಿಲ್ಲ. ತರಕಾರಿ ಹೆಚ್ಚುವ ಮಣೆ, ಸೌಟು, ಬಟ್ಟಲಿಗೆ ಇದನ್ನು ಬಳಸಲೇಬಾರದು.

ಒಣಗಿತೋ ಇಲ್ಲವೋ ತಿಳಿಯುವುದು ಹೇಗೆ

ಬಡಿದು ಸದ್ದು ಕೇಳುವುದು, ಕೆನ್ನೆಗೆ ಒತ್ತಿ ತಂಪು ನೋಡುವುದು ಅನುಭವಿ ಆಚಾರಿಗಳಿಗೆ ಸರಿ. ಉಳಿದವರಿಗೆ ತಕ್ಕಡಿ. ಹೊಸ ಹಲಗೆಯ ತುದಿಯಿಂದ ಒಂದಡಿ ಒಳಗೆ ಒಂದಿಂಚು ಅಗಲದ ಅಡ್ಡ ಚೂರು ಕೊಯ್ದು ತಕ್ಷಣ ತೂಗಿ. ಅಡುಗೆಮನೆಯ ಓವನ್ನಿನಲ್ಲಿ 103 ಡಿಗ್ರಿ ಸುಮಾರಿಗೆ ಇಟ್ಟು, ಗಂಟೆಗಟ್ಟಲೆ ಬಿಟ್ಟು ಮತ್ತೆ ಮತ್ತೆ ತೂಗಿ; ತೂಕ ಇಳಿಯುವುದು ನಿಂತಾಗ ಅದು ಪೂರ್ತಿ ಒಣತೂಕ. ಮೊದಲು ಹೇಳಿದ ಭಾಗಾಕಾರ ಮಾಡಿದರೆ ಹಲಗೆಯ ತೇವಾಂಶ ಸಿಗುತ್ತದೆ.

ಅದು ಶೇ. 60 ಬಂತು, ಹಲಗೆಯ ತೂಕ 10 ಕಿಲೋ ಇದೆ ಎನ್ನಿ. 10ನ್ನು 1.6ರಿಂದ ಭಾಗಿಸಿದರೆ ಒಣಮರ 6.25 ಕಿಲೋ. ಶೇ. 12 ಬೇಕಿದ್ದರೆ 6.25ನ್ನು 1.12ರಿಂದ ಗುಣಿಸಿ: 7 ಕಿಲೋ. ಈ 7ನ್ನು ಹಲಗೆಯ ಮೇಲೇ ಸೀಸದ ಕಡ್ಡಿಯಲ್ಲಿ ಬರೆದು, ವಾರಕ್ಕೊಮ್ಮೆ ಆ ಒಂದು ಹಲಗೆಯನ್ನು ಎಳೆದು ತೂಗಿದರೆ ಒಟ್ಟಿನ ಕತೆಯೆಲ್ಲ ತಿಳಿಯುತ್ತದೆ. ಮೂರು ವಾರ ತೂಕ ಇಳಿಯದೆ 7.4ರಲ್ಲೇ ನಿಂತರೆ ಹೊರಗಿನ ಗಾಳಿ ಕೊಡುವಷ್ಟು ಕೊಟ್ಟಾಗಿದೆ. ಇನ್ನು ಮನೆಯೊಳಗೆ ತಂದು ರೀಪಿಟ್ಟು ಒಂದು ತಿಂಗಳು ಒಟ್ಟಬೇಕು. ಎರಡು ಮೊನೆ ಚುಚ್ಚುವ ಮೀಟರ್ ಬಳಸುವವರು ಹಲಗೆಯ ಮೈಗೆ ಚುಚ್ಚಿ ಮೋಸಹೋಗಬೇಡಿ. ಮೈ 12 ತೋರಿಸುವಾಗ ಒಳಗೆ 20 ಇರುತ್ತದೆ. ಒಂದು ಹಲಗೆಯನ್ನು ನಡುವೆ ತುಂಡರಿಸಿ ಹೊಸ ಮುಖದ ಮಧ್ಯಕ್ಕೆ ಚುಚ್ಚಿ ನೋಡಿ.

ಹೊರಗೆ ಕಾಣದ ಕೆಡುಕು

ಅವಸರದಲ್ಲಿ ಒಣಗಿಸಿದ ಹಲಗೆಯ ಮೈ ಕುಗ್ಗಲು ಹೊರಟು, ಒಳಗಿನ ಹಸಿ ಬಿಡದೆ, ಹಿಗ್ಗಿದಂತೆಯೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಒಳಗು ಒಣಗಿ ಕುಗ್ಗಲು ನೋಡಿದರೆ ಈಗ ಹೊರಗಿನ ಗಟ್ಟಿ ಚಿಪ್ಪು ಬಿಡುವುದಿಲ್ಲ. ಹೆಚ್ಚಾದರೆ ಒಳಗೇ ಹರಿದು ಜೇನುಗೂಡಿನಂಥ ಬಿರುಕುಗಳಾಗುತ್ತವೆ. ಮೇಲಿಂದ ನೋಡಿದರೆ ಹಲಗೆ ನುಣ್ಣಗೆ ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷೆ ಸುಲಭ. ಒಂದು ಅಡ್ಡ ಚೂರು ಕೊಯ್ದು, ಅದರ ನಡುಭಾಗವನ್ನು ಗರಗಸದಿಂದ ತೆಗೆದು ಇಕ್ಕಳದಂತೆ ಎರಡು ಕಾಲು ಉಳಿಸಿ. ಕಾಲುಗಳು ಒಳಕ್ಕೆ ಮುದುಡಿದರೆ ಹಲಗೆಯಲ್ಲಿ ಬಿಗುವಿದೆ ಎಂದರ್ಥ, ಅದನ್ನು ಸೀಳಿದರೆ ಬ್ಲೇಡನ್ನೇ ಹಿಡಿದುಕೊಳ್ಳುತ್ತದೆ.

ಭಟ್ಟಿಯಲ್ಲಿ ಒಣಗಿಸುವವರು 45ರಿಂದ 70 ಡಿಗ್ರಿಯ ಬಿಸಿಯೊಂದಿಗೆ ಒಳಗಿನ ಆರ್ದ್ರತೆಯನ್ನೂ ಹಂತಹಂತವಾಗಿ ಇಳಿಸುತ್ತಾರೆ, ಕೊನೆಗೆ ಮತ್ತೆ ಸ್ವಲ್ಪ ಹಬೆ ಕೊಟ್ಟು ಈ ಬಿಗುವನ್ನು ಬಿಡಿಸುತ್ತಾರೆ. ತಿಂಗಳುಗಳ ಕೆಲಸ ವಾರಗಳಲ್ಲಿ ಮುಗಿಯುತ್ತದೆ, ಹುಳುವೂ ಸಾಯುತ್ತದೆ. ಮರದ ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಇದ್ದರೆ ಸಾಕೆಂಬುದು ರಫ್ತಿನ ಮರದ ಪೆಟ್ಟಿಗೆಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮ.

ಒಣಗುವ ತನಕ ಕಾಯಬೇಕಿಲ್ಲದವು

ಸೌಟು, ಚಮಚ, ಸಣ್ಣ ಗೊಂಬೆ ಹಸಿಯಲ್ಲೇ ಕೆತ್ತುವುದು ಸುಲಭ; ಉಳಿ ಬೆಣ್ಣೆಯಲ್ಲಿ ಓಡಿದಂತೆ ಓಡುತ್ತದೆ, ತೆಳುವಾದ್ದರಿಂದ ಕುಗ್ಗಿದರೂ ಸೀಳುವುದಿಲ್ಲ. ಲೇತ್‌ನಲ್ಲಿ ಬಟ್ಟಲು ಮಾಡುವವರದು ಎರಡು ಹಂತದ ಕ್ರಮ. ಬೆಂಡನ್ನು ಬಿಟ್ಟು ಅರ್ಧ ಹೋಳಿನಿಂದ ಬಟ್ಟಲನ್ನು ದಪ್ಪಗೆ ಕಡೆದಿಡುತ್ತಾರೆ: ಗೋಡೆಯ ದಪ್ಪ ವ್ಯಾಸದ ಹತ್ತರಲ್ಲೊಂದು ಭಾಗ, 300 ಮಿ.ಮೀ. ಬಟ್ಟಲಿಗೆ 30. ಎಲ್ಲ ಕಡೆಯೂ ಅದೇ ದಪ್ಪ ಇರಬೇಕು. ತಳ ದಪ್ಪ, ಬಾಯಿ ತೆಳು ಆದರೆ ಬಾಯಿ ಮೊದಲು ಒಣಗಿ ಸೀಳುತ್ತದೆ. ಕೊಳವೆಗಳ ಬಾಯಿ ತೆರೆದಿರುವ ಕಡೆ ಮೇಣ ಸವರಿ, ಅದೇ ಮರದ ಹೊಟ್ಟಿನೊಂದಿಗೆ ಕಾಗದದ ಚೀಲದಲ್ಲಿ ಹಾಕಿ ಕಟ್ಟಿ, ತೂಕ ಮತ್ತು ತಾರೀಕು ಬರೆದಿಡಬೇಕು. ಮುಂಬೈಯ ಮಳೆಯಲ್ಲಿ ಹೊಟ್ಟು ಬೂಸರು ಹಿಡಿಯುವುದರಿಂದ ಎರಡು ದಿನಕ್ಕೊಮ್ಮೆ ಹೊಟ್ಟು ಬದಲಿಸಬೇಕು, ಇಲ್ಲವೆ ಹೊಟ್ಟಿಲ್ಲದೆ ಬರೀ ಚೀಲದಲ್ಲಿಡಬೇಕು. ಮೂರರಿಂದ ಆರು ತಿಂಗಳಲ್ಲಿ ದುಂಡು ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ತೂಕ ಎರಡು ವಾರ ಒಂದೇ ಸಮ ನಿಂತ ಮೇಲೆ ಮತ್ತೆ ಲೇತ್‌ಗೆ ಏರಿಸಿ, ಆ 30 ಮಿ.ಮೀ. ಗೋಡೆಯನ್ನು 8-10ಕ್ಕೆ ಇಳಿಸುತ್ತ ದುಂಡಗೆ ಮಾಡಿಕೊಳ್ಳುವುದು.